ಉತ್ತರ ಕೊಡದ ಕಣಗಳು

ಜನವರಿ ೯

ತಂಗಿಯ ಕ್ಷಯ ಪರೀಕ್ಷೆಯ ರಿಪೋರ್ಟಿಗೆ ಇವತ್ತು ನಾನೇ ಸಹಿ ಹಾಕಿದೆ. ಎರಡನೆಯ ಸಲವೂ ಅದೇ ಪದ: ‘ಹೇಳಲಾಗದು’.

ಲ್ಯಾಬಿನಲ್ಲಿ ಎಷ್ಟು ವರ್ಷಗಳಿಂದ ಈ ಪದವನ್ನು ಟೈಪು ಮಾಡುತ್ತ ಬಂದಿದ್ದೇನೋ. ಯಾರದೋ ಹೆಸರು, ಯಾರದೋ ವಯಸ್ಸು, ಎದುರಿಗೆ ‘ಹೇಳಲಾಗದು’. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುವ ಈ ಪದವನ್ನು ಕೈಯಲ್ಲಿ ಹಿಡಿದುಕೊಂಡು ರೋಗಿಗಳು ಮನೆಗೆ ಹೇಗೆ ಹೋಗುತ್ತಾರೋ ಏನೋ. ಇವತ್ತು ನಾನೂ ಹಾಗೇ ಬಂದೆ.

ಪರೀಕ್ಷೆಯೇನೋ ಸರಳ. ರಕ್ತವನ್ನು ಮೂರು ಟ್ಯೂಬುಗಳಿಗೆ ಹಾಕುತ್ತೇವೆ. ಒಂದರಲ್ಲಿ ಏನೂ ಇರುವುದಿಲ್ಲ. ಎರಡನೆಯದರಲ್ಲಿ ಕ್ಷಯದ ಕ್ರಿಮಿಯ ಚೂರುಗಳು, ಜೀವವಿಲ್ಲದವು, ಬರೀ ಗುರುತಿಗೆ. ಮೂರನೆಯದರಲ್ಲಿ ಎಂಥ ರಕ್ಷಣಾ ಕಣವನ್ನೂ ಬಡಿದೆಬ್ಬಿಸುವ ಮದ್ದು. ಒಂದು ರಾತ್ರಿ ಮೈಬಿಸಿಯಷ್ಟೇ ಶಾಖದಲ್ಲಿ ಇಡುತ್ತೇವೆ. ಹಿಂದೆ ಎಂದಾದರೂ ಕ್ಷಯ ಮೈ ಹೊಕ್ಕಿದ್ದರೆ ಬಿಳಿ ರಕ್ತಕಣಗಳು ಆ ಚೂರುಗಳ ಗುರುತು ಹಿಡಿದು ಒಂದು ರಾಸಾಯನಿಕವನ್ನು ಹೊರಬಿಡುತ್ತವೆ. ಅದನ್ನು ಅಳೆಯುತ್ತೇವೆ. ತಂಗಿಯ ಕಣಗಳು ಎರಡನೆಯ ಟ್ಯೂಬಿನಲ್ಲಿ ಸುಮ್ಮನಿದ್ದವು. ಸರಿ. ಆದರೆ ಮೂರನೆಯದರಲ್ಲೂ ತುಟಿ ಪಿಟಕ್ಕೆನ್ನಲಿಲ್ಲ. ಬಡಿದೆಬ್ಬಿಸಿದರೂ ಏಳದವರು ‘ಕಳ್ಳ ಬಂದಿರಲಿಲ್ಲ’ ಎಂದರೆ ನಂಬುವುದು ಹೇಗೆ?

ಸಂಧಿವಾತಕ್ಕೆಂದು ಅವಳು ನುಂಗುತ್ತಿರುವ ಸ್ಟೀರಾಯ್ಡು ಕಣಗಳಿಗೆ ಮಂಪರು ಹಿಡಿಸಿದೆ.

ಊಟಕ್ಕೆ ಕೂತಾಗ ಕೇಳಿದಳು, “ಬಂತಾ ಅಕ್ಕಾ?”

“ಬಂತು.”

“ಏನಂತೆ?”

“ನೋಡೋಣ,” ಅಂದೆ.

ಅವಳು ಚಮಚವನ್ನು ಮುಷ್ಟಿಯಲ್ಲಿ ಹಿಡಿದು ಊಟ ಮುಗಿಸಿದಳು. ಬೆರಳಲ್ಲಿ ಹಿಡಿಯಲು ಈಗ ಆಗುತ್ತಿಲ್ಲ.

ಜನವರಿ ೧೨

ಕೀಲಿನ ಡಾಕ್ಟರ ಹತ್ತಿರ ಮೂವರೂ ಹೋಗಿದ್ದೆವು, ಅಮ್ಮ, ತಂಗಿ, ನಾನು. ಡಾಕ್ಟರು ನನಗಿಂತ ಚಿಕ್ಕವರು, ಮಾತು ಮಾತ್ರ ಕತ್ತರಿಸಿಟ್ಟಂತೆ. ತಂಗಿಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿ, ಹೊಸ ಇಂಜೆಕ್ಷನ್ ಶುರುಮಾಡಲು ಇನ್ನು ತಡಮಾಡಿದರೆ ಕೀಲು ಸವೆದುಹೋಗುತ್ತದೆ ಎಂದರು. ಆದರೆ ಆ ಇಂಜೆಕ್ಷನ್ ಮೈಯ ಕಾವಲನ್ನು ಸಡಿಲಿಸುತ್ತದೆ. ಒಳಗೆ ಕ್ಷಯ ನಿದ್ದೆ ಮಾಡುತ್ತಿದ್ದರೆ ಎದ್ದು ಕೂರುತ್ತದೆ. ನಾವಿಬ್ಬರೂ ಚಿಕ್ಕವರಿದ್ದಾಗ ಅಪ್ಪನಿಗೆ ಕ್ಷಯವಾಗಿತ್ತು. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದೆವು. ತಂಗಿ ಅಪ್ಪನ ಎದೆಯ ಮೇಲೆ.

“ಹಾಗಾದ್ರೆ ಕ್ಷಯದ ಮಾತ್ರೆ ಮೊದಲೇ ಕೊಟ್ಟುಬಿಡಿ,” ಎಂದಳು ಅಮ್ಮ.

“ಅವರ ಲಿವರ್ ಈಗಾಗ್ಲೇ ದಣಿದಿದೆ, ಅಮ್ಮಾ. ಇದೆ ಅಂತ ಗೊತ್ತಾದ್ರೆ ಕೊಡ್ತೀನಿ, ವಾರವಾರ ರಕ್ತ ನೋಡ್ಕೊಂಡು. ಇದ್ಯೋ ಇಲ್ವೋ ಗೊತ್ತಿಲ್ದೆ ಕೊಡೋಕೆ ನಂಗೆ ಧೈರ್ಯ ಇಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಲ್ಯಾಬಿನವರು. ನೀವೇನಂತೀರ?” ಎಂದರು.

ನಾನು ಕೈಚೀಲದ ಜಿಪ್ಪನ್ನು ಹಾಕಿ ತೆಗೆದು ಮಾಡುತ್ತ ಕೂತಿದ್ದೆ. ಏನೂ ಅನ್ನಲಿಲ್ಲ.

ಜನವರಿ ೨೩

ತಂಗಿಯನ್ನು ಕರೆತರಲು ಶಾಲೆಗೆ ಹೋಗಿದ್ದೆ. ಕಿವಿ ಕೇಳದ ಮಕ್ಕಳ ಶಾಲೆ ಅದು. ಅಲ್ಲಿ ಅವಳು ಪಾಠ ಮಾಡುವುದು ಕೈಗಳಿಂದ. ಮಕ್ಕಳಿಗೆ ಅವಳ ಕೈಯೇ ಬಾಯಿ.

ಕಿಟಕಿಯಿಂದ ನೋಡಿದೆ. ಒಂದೊಂದು ಸನ್ನೆಗೂ ಅವಳು ನಡುವೆ ನಿಲ್ಲುತ್ತಿದ್ದಳು, ಬೆರಳು ಮಡಿಸಲು ಇನ್ನೊಂದು ಕೈಯ ಸಹಾಯ ಪಡೆಯುತ್ತಿದ್ದಳು. ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಪಕ್ಕದವಳಿಗೆ ಏನೋ ಸನ್ನೆ ಮಾಡಿದಳು. ಇಡೀ ಸಾಲು ನಕ್ಕಿತು. ತಂಗಿಯೂ ನಕ್ಕಳು.

ಬಸ್ಸಿನಲ್ಲಿ ಕೇಳಿದೆ, “ಏನಂದಳು ಆ ಹುಡುಗಿ?”

“ಟೀಚರ ಕೈ ತೊದಲ್ತಾ ಇದೆ ಅಂದಳು,” ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತಳು.

ಫೆಬ್ರವರಿ ೨

ಒಂದು ವರ್ಷದ ‘ಹೇಳಲಾಗದು’ಗಳನ್ನೆಲ್ಲ ಕಂಪ್ಯೂಟರಿನಿಂದ ಹೊರತೆಗೆದು ಗುಡ್ಡೆ ಹಾಕಿದೆ. ಗುನುಗು ಜೊತೆಗಿದ್ದ. ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್ನನಿಗೆ ಎಲ್ಲರೂ ಇಟ್ಟ ಹೆಸರು ಅದು. ಹನಿ ಅಳೆಯುವ ಪಿಪೆಟ್ ಹಿಡಿದರೆ ಸಾಕು, ಏನಾದರೊಂದು ರಾಗ ಗುನುಗುತ್ತಾನೆ.

“ಮೇಡಂ, ಇದನ್ನೆಲ್ಲ ಯಾಕೆ ಕೆದಕ್ತಿದ್ದೀರಿ? ಬ್ರೇಕ್ ಸಾರ್‌ಗೆ ಗೊತ್ತಾದ್ರೆ?”

ಬ್ರೇಕ್ ಸಾರ್ ಎಂದರೆ ನಮ್ಮ ಮುಖ್ಯಸ್ಥರು. ಯಾವ ಕೆಲಸವನ್ನೂ ಅವರು ‘ಬೇಡ’ ಅನ್ನುವುದಿಲ್ಲ. ಹೊರಟ ಗಾಡಿಗೆ ಮೆತ್ತಗೆ ಕಾಲು ಒತ್ತುತ್ತಾರೆ, ಅಷ್ಟೆ.

ನೋಡಿದರೆ ಅರ್ಧಕ್ಕರ್ಧ ಒಂದೇ ಊರಿನ ಆಸ್ಪತ್ರೆಯಿಂದ ಬಂದವು. ಉಳಿದರ್ಧ ಸ್ಟೀರಾಯ್ಡು ತೆಗೆದುಕೊಳ್ಳುವವರು ಮತ್ತು ಪುಟ್ಟ ಮಕ್ಕಳು. ಮೊದಲರ್ಧಕ್ಕೆ ರೋಗಿಗಳು ಕಾರಣವಾಗಿರಲಾರರು. ಒಂದೇ ಊರಿನವರೆಲ್ಲರ ಕಣಗಳೂ ಮೂಕವಾಗುವುದುಂಟೆ?

ಫೆಬ್ರವರಿ ೫

ಆ ಊರಿಗೆ ಹೋಗಿ ಬಂದೆ. ರಕ್ತ ತೆಗೆಯುವ ಕೋಣೆಯಲ್ಲಿ ಟ್ಯೂಬುಗಳನ್ನು ಐಸ್ ಡಬ್ಬಿಯಲ್ಲಿ ಅಚ್ಚುಕಟ್ಟಾಗಿ ಜೋಡಿಸಿದ್ದರು.

“ಐಸಲ್ಲಿ ಯಾಕಿಟ್ಟಿದ್ದೀರಿ ಸಿಸ್ಟರ್?”

“ನೀವೇ ಹೇಳಿದ್ದಲ್ವಾ?” ಎಂದು ಅವರು ಗೋಡೆ ತೋರಿಸಿದರು. ನಮ್ಮ ಲ್ಯಾಬಿನಿಂದಲೇ ಯಾವಾಗಲೋ ಬಂದ ಸೂಚನೆ, ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ್ದರು. ‘ಮಾದರಿಗಳನ್ನು ತಂಪಾಗಿಡಿ.’ ಬೇರೆ ಯಾವುದೋ ಪರೀಕ್ಷೆಗೆ ಬರೆದದ್ದು, ಎಲ್ಲಕ್ಕೂ ಅನ್ವಯವಾಗಿಬಿಟ್ಟಿದೆ.

“ಇದು ಹಾಲಲ್ಲ ಸಿಸ್ಟರ್, ಫ್ರಿಜ್ಜಲ್ಲಿಟ್ಟರೆ ಉಳಿಯೋಕೆ. ಈ ಕಣಗಳು ಚಳಿಗೆ ಮುದುಡಿಬಿಡ್ತವೆ. ಇದನ್ನ ಕೋಣೆಯಲ್ಲಿ ಹಾಗೇ ಇಟ್ಟು, ಅವತ್ತೇ ಕಳಿಸಿ.”

ಅವರು ನಕ್ಕು, ಅಂಟಿಸಿದ ಹಾಳೆಯನ್ನು ಅಲ್ಲೇ ಕಿತ್ತು ನನ್ನ ಕೈಗೆ ಕೊಟ್ಟರು. ನಾನು ಹೊಸದನ್ನು ಬರೆದು ಅಂಟಿಸಿ ಬಂದೆ. ಬ್ರೇಕ್ ಸಾರನ್ನು ಕೇಳಬೇಕಿತ್ತು ಅಂತ ಬಸ್ಸು ಹತ್ತಿದ ಮೇಲೆ ನೆನಪಾಯಿತು.

ಫೆಬ್ರವರಿ ೨೪

ಆ ಊರಿನ ಟ್ಯೂಬುಗಳು ಮಾತಾಡಲು ಶುರುಮಾಡಿವೆ! ಈ ವಾರ ಬಂದವುಗಳಲ್ಲಿ ಒಂದೇ ಒಂದು ‘ಹೇಳಲಾಗದು’. ಗುನುಗು ಇಡೀ ಮಧ್ಯಾಹ್ನ ಗುನುಗಿದ.

ಬ್ರೇಕ್ ಸಾರ್ ರಿಪೋರ್ಟು ನೋಡಿ, “ಒಳ್ಳೇದಾಯ್ತಲ್ಲಮ್ಮ. ಇನ್ನು ಸಾಕಲ್ವಾ?” ಎಂದರು.

ಸಾಕೆ? ತಂಗಿಯ ರಕ್ತ ಐಸಿನ ಮುಖವನ್ನೇ ನೋಡಿರಲಿಲ್ಲ. ಅವಳದು ಸ್ಟೀರಾಯ್ಡಿನವರ ಇನ್ನೊಂದರ್ಧಕ್ಕೆ ಸೇರಿದ್ದು.

ಫೆಬ್ರವರಿ ೨೮

ಬೆಳಿಗ್ಗೆ ಅಮ್ಮ ತಂಗಿಗೆ ಸ್ಟೀರಾಯ್ಡು ಮಾತ್ರೆ ಬಿಡಿಸಿಕೊಡುತ್ತಿದ್ದಳು. ಹಾಲಿನ ಜೊತೆ ನುಂಗಿ, ಸ್ನಾನ ಮಾಡಿ, ಆಮೇಲೆ ಶಾಲೆ. ರಕ್ತ ಕೊಡುವ ದಿನವೂ ಹಾಗೇ: ಮಾತ್ರೆ, ಸ್ನಾನ, ಆಮೇಲೆ ಆಸ್ಪತ್ರೆ. ನನ್ನ ಕೈಯಲ್ಲಿದ್ದ ಲೋಟ ಅರ್ಧಕ್ಕೇ ನಿಂತಿತು. ಆ ಮಾತ್ರೆ ಒಳಗೆ ಹೋದ ಕೆಲವು ಗಂಟೆ ರಕ್ತದಲ್ಲಿ ಬಿಳಿ ಕಣಗಳೇ ಕಡಿಮೆಯಾಗುತ್ತವೆ. ನಾವು ಸರಿಯಾಗಿ ಅದೇ ಹೊತ್ತಿಗೆ ಸೂಜಿ ಚುಚ್ಚುತ್ತಿದ್ದೆವು.

ಕೀಲಿನ ಡಾಕ್ಟರಿಗೆ ಫೋನು ಮಾಡಿ ಹೇಳಿದೆ. “ಮಾತ್ರೆಗೆ ಮುಂಚೆ ತೆಗೀರಿ,” ಅಂದೆ.

“ನೀವಾಗಿ ಫೋನ್ ಮಾಡಿದ್ದು ಇದೇ ಮೊದಲು, ಅಲ್ವಾ?” ಎಂದರು. ಇರಬಹುದು.

ಮಾರ್ಚ್ ೨

ಮಾತ್ರೆಗೆ ಮುಂಚೆ ತೆಗೆದ ರಕ್ತ. ಮೂರನೆಯ ಟ್ಯೂಬು ಸ್ವಲ್ಪ ಮಿಸುಕಾಡಿದೆ. ಆದರೆ ಪರೀಕ್ಷೆ ಒಪ್ಪುವ ಗೆರೆ ದಾಟಲಿಲ್ಲ. ಮತ್ತೆ ‘ಹೇಳಲಾಗದು’.

ಮಿಸುಕಾಡಿತಲ್ಲ.

ಮಾರ್ಚ್ ೭

ಇದನ್ನು ಸರಿಯಾಗಿ ಬರೆದಿಡಬೇಕು.

ಗುರುತು ಹಿಡಿದ ಕಣ ಬಿಡುವ ರಾಸಾಯನಿಕವನ್ನು ಮಾತ್ರ ನಾವು ಇಷ್ಟು ದಿನ ಅಳೆಯುತ್ತಿದ್ದೆವು. ಕಣ ಬಡಕಲಾಗಿದ್ದರೆ ಅದರ ದನಿ ಪಿಸುಮಾತು, ನಮ್ಮ ಯಂತ್ರಕ್ಕೆ ಕೇಳದು. ಆದರೆ ಆ ಪಿಸುಮಾತು ಪಕ್ಕದಲ್ಲಿರುವ ದೊಡ್ಡ ಬಿಳಿ ಕಣಗಳಿಗೆ ಕೇಳುತ್ತದೆ. ಕೇಳಿದ ತಕ್ಷಣ ಅವು ಇನ್ನೊಂದು ರಾಸಾಯನಿಕವನ್ನು ಬಿಡುತ್ತವೆ, ಅದೂ ನೂರಾರು ಪಟ್ಟು ಹೆಚ್ಚಾಗಿ. ಹಾಸಿಗೆ ಹಿಡಿದ ಅಜ್ಜಿ ಮೆಲ್ಲಗೆ ‘ಕಳ್ಳ’ ಅಂದರೆ ಅಂಗಳದಲ್ಲಿರುವ ಮಕ್ಕಳೆಲ್ಲ ಬೊಬ್ಬೆ ಹೊಡೆಯುವ ಹಾಗೆ. ನಾವು ಅಜ್ಜಿಯ ಬಾಯಿಗೆ ಕಿವಿ ಇಟ್ಟು ಕೂತಿದ್ದೇವೆ. ಬೊಬ್ಬೆಯನ್ನು ಅಳೆದರೆ?

ಇದು ನನ್ನ ಸಂಶೋಧನೆಯಲ್ಲ. ಬೇರೆ ಬೇರೆ ಕಡೆ ಈ ಬಗ್ಗೆ ಕೆಲಸ ನಡೆದಿದೆ. ನಮ್ಮಲ್ಲಿ, ಸ್ಟೀರಾಯ್ಡು ತೆಗೆದುಕೊಳ್ಳುವ ನಮ್ಮ ರೋಗಿಗಳಲ್ಲಿ, ಯಾರೂ ನೋಡಿಲ್ಲ. ಅದೇ ಟ್ಯೂಬು, ಅದೇ ರಕ್ತ. ಕೊನೆಯ ಹಂತದಲ್ಲಿ ಇನ್ನೊಂದು ಅಳತೆ, ಅಷ್ಟೆ.

ಬ್ರೇಕ್ ಸಾರ್ ಕಣ್ಣಡಕ ತೆಗೆದು ಒರೆಸಿದರು. ಇದು ಬ್ರೇಕಿನ ಗುರುತು.

“ಇರೋ ಪರೀಕ್ಷೆಗೆ ಒಂದು ಮರ್ಯಾದೆ ಇದೆ. ಹೊಸದು ಮಾಡೋಕೆ ಹೋಗಿ ಅದೂ ಹಾಳಾದ್ರೆ?”

“ಹಳೇದನ್ನ ಬಿಡೋದಿಲ್ಲ ಸಾರ್. ಪಕ್ಕದಲ್ಲಿ ಇದನ್ನೂ ಅಳೀತೀವಿ.”

“ನಿಮ್ಮ ತಂಗಿಗೋಸ್ಕರಾನಾ?”

“ಅವಳಿಗೋಸ್ಕರಾನೂ,” ಅಂದೆ.

ಅವರು ಕಣ್ಣಡಕ ಹಾಕಿಕೊಂಡರು. “ಅವಳ ರಕ್ತ ಕೊನೇಲಿ. ಮೊದಲು ಬೇರೆಯವರದು. ಯಾರ ರಕ್ತ ಅಂತ ನಿಮಗೆ ಗೊತ್ತಾಗಬಾರದು.”

ಒಪ್ಪಿದೆ. ಆ ಮಾತು ಅವರು ಹೇಳದಿದ್ದರೂ ನಾನೇ ಹೇಳುತ್ತಿದ್ದೆ.

ಮಾರ್ಚ್ ೨೦

ಎಲ್ಲ ಕೈಕೊಟ್ಟಿತು.

ಹೆಸರು ಮುಚ್ಚಿಡುವ ಪರೀಕ್ಷೆಗೆ ಮುಂಚೆ, ಅಳತೆ ಪಳಗಿಸಲೆಂದು, ಮೊದಲ ತಂಡದಲ್ಲಿ ಕ್ಷಯದ ಸೋಂಕಿಲ್ಲವೆಂದು ಗೊತ್ತಿರುವ ಲ್ಯಾಬಿನವರ ರಕ್ತವನ್ನೇ ಹಾಕಿದ್ದೆವು. ಎಲ್ಲರದೂ ಬೊಬ್ಬೆ! ಗುನುಗುವಿನ ರಕ್ತವಂತೂ ಯಂತ್ರದ ಮಿತಿಯನ್ನೇ ದಾಟಿದೆ. ಹಾಗೆ ನೋಡಿದರೆ ಇಡೀ ಲ್ಯಾಬಿಗೆ ಕ್ಷಯವೇ.

ಬ್ರೇಕ್ ಸಾರ್ ಬೆನ್ನು ತಟ್ಟಿ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೨೧

ಮನೆಗೆ ಬಂದು ಮಲಗಿದೆ. ಬರೆಯುವುದೇನೂ ಇಲ್ಲ.

ಮಾರ್ಚ್ ೨೩

ಬೆಳಿಗ್ಗೆ ಗುನುಗು ಗುನುಗುತ್ತಿರಲಿಲ್ಲ.

“ಏನಾಯ್ತೋ?”

“ಗಂಟಲು ಕಟ್ಟಿದೆ ಮೇಡಂ. ಹೋದ ವಾರದಿಂದ ನೆಗಡಿ. ನನ್ನಿಂದ ಎಲ್ರಿಗೂ ಅಂಟಿತು, ಪಾಪ.”

ನಾನು ಕುರ್ಚಿಯಿಂದ ಎದ್ದು ನಿಂತೆ. ನೆಗಡಿ! ವೈರಸ್ಸಿನ ವಿರುದ್ಧ ಕಾದಾಡುವಾಗಲೂ ಮೈ ಅದೇ ರಾಸಾಯನಿಕವನ್ನು ಬಿಡುತ್ತದೆ. ಅಂಗಳದ ಮಕ್ಕಳು ಬೇರೆ ಕಾರಣಕ್ಕೆ ಮೊದಲೇ ಕೂಗಾಡುತ್ತಿದ್ದರು. ಏನೂ ಹಾಕದ ಮೊದಲನೆಯ ಟ್ಯೂಬುಗಳನ್ನು ತೆಗೆದು ನೋಡಿದೆವು. ಅವುಗಳಲ್ಲೂ ಅಷ್ಟೇ ಬೊಬ್ಬೆ. ಅದನ್ನು ಕಳೆದರೆ ಉಳಿದದ್ದು ಸೊನ್ನೆಯ ಆಸುಪಾಸು.

ಅಂದರೆ ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ ರೀತಿ ತಪ್ಪು. ಪ್ರತಿಯೊಬ್ಬರನ್ನೂ ಅವರವರದೇ ಖಾಲಿ ಟ್ಯೂಬಿಗೆ ಹೋಲಿಸಬೇಕು, ಜ್ವರ ನೆಗಡಿ ಇದ್ದರೆ ವಾಸಿಯಾಗುವವರೆಗೆ ಕಾಯಬೇಕು.

“ನಿನ್ನ ನೆಗಡಿಗೆ ಒಂದು ನಮಸ್ಕಾರ ಕಣೋ,” ಅಂದೆ. ಅವನು ಸೀನಿದ.

ಏಪ್ರಿಲ್ ೪

ತಂಗಿಯ ಜೊತೆ ಜಗಳ.

ಅಡುಗೆಮನೆಯಲ್ಲಿ ಅಮ್ಮ ಕಿತ್ತಳೆ ಸುಲಿದು ಅವಳ ಬಾಯಿಗೆ ಇಡುತ್ತಿದ್ದಳು, ಮಗುವಿಗೆ ಇಟ್ಟ ಹಾಗೆ. ಅವಳು ತಟ್ಟೆಯನ್ನು ಮೊಣಕೈಯಿಂದ ತಳ್ಳಿದಳು.

“ನಾಳೆ ನನ್ನ ರಕ್ತ ತಗೊಂಡು ನಿನ್ನ ಹೊಸ ಪರೀಕ್ಷೆ ಮಾಡು, ಅಕ್ಕಾ. ಮುಗೀಲಿ ಇದು.”

“ಆಗಲ್ಲ.”

“ಯಾಕಾಗಲ್ಲ? ಟ್ಯೂಬು ನಿಂದು, ಯಂತ್ರ ನಿಂದು, ತಂಗಿ ನಿಂದು.”

“ಅದು ಸರಿ ಹೇಳುತ್ತೋ ಇಲ್ವೋ ನಂಗೇ ಇನ್ನೂ ಗೊತ್ತಿಲ್ಲ. ‘ಇಲ್ಲ’ ಅಂತ ತಪ್ಪು ಉತ್ತರ ಬಂದು, ನಿಂಗೆ ಇಂಜೆಕ್ಷನ್ ಕೊಟ್ಟು, ಆಮೇಲೆ ನೀನು ಅಪ್ಪನ ಹಾಗೆ ಕೆಮ್ಮೋಕೆ ಶುರುಮಾಡಿದ್ರೆ?”

ಅಮ್ಮ ಸಿಪ್ಪೆಗಳನ್ನು ಒಟ್ಟುಮಾಡತೊಡಗಿದಳು.

“ಮಕ್ಕಳು ಬೇರೆ ಟೀಚರ್ ಬೇಕು ಅಂತ ಕೇಳ್ತಿದ್ದಾರೆ,” ಎಂದಳು ತಂಗಿ. “ಕೆಟ್ಟ ಮಕ್ಕಳಲ್ಲ. ನಾನು ಹೇಳೋದು ಅವರಿಗೆ ಅರ್ಥ ಆಗ್ತಿಲ್ಲ.”

ಅವಳ ಪಕ್ಕ ಕೂತು ಆ ಊದಿದ ಕೈಯನ್ನು ನನ್ನ ಕೈಯೊಳಗಿಟ್ಟುಕೊಂಡೆ. “ಈ ತಿಂಗಳು ತಾಳು. ನಿಂಗೆ ‘ನೋಡೋಣ’ ಅಂತ ಇನ್ನೊಂದ್ಸಲ ಹೇಳಲ್ಲ,” ಅಂದೆ.

ಏಪ್ರಿಲ್ ೧೧

ಆಸ್ಪತ್ರೆಯಲ್ಲಿ ತಂಗಿಯ ವಿಚಾರಕ್ಕೆ ಸಭೆ. ಕೀಲಿನ ಡಾಕ್ಟರು, ಬ್ರೇಕ್ ಸಾರ್, ನಾನು, ಮತ್ತೆ ಹಿರಿಯ ವೈದ್ಯರೊಬ್ಬರು. ಅವರು ಬರುವಾಗಲೇ ತೀರ್ಮಾನವನ್ನು ಜೇಬಿನಲ್ಲಿಟ್ಟುಕೊಂಡು ಬಂದಿದ್ದರು.

“ಎದೆ ಎಕ್ಸ್‌ರೇ ಸ್ವಚ್ಛ ಇದೆ. ಕೆಮ್ಮಿಲ್ಲ. ಮೂರು ಸಲ ಪರೀಕ್ಷೆ ಮಾಡಿದ್ರೂ ಕ್ಷಯ ಇದೆ ಅಂತ ಬಂದಿಲ್ಲ. ಇಂಜೆಕ್ಷನ್ ಶುರುಮಾಡಿ. ಎಷ್ಟು ದಿನ ಕಾಯಿಸ್ತೀರಿ?”

“ಇಲ್ಲ ಅಂತಾನೂ ಬಂದಿಲ್ಲ ಸಾರ್,” ಅಂದೆ.

“ಅದೇ ಆಯ್ತಲ್ಲ.”

“ಆಗಲ್ಲ ಸಾರ್. ಮೂರು ಸಲವೂ ಕಣಗಳು ಸರಿಯಾಗಿ ಎದ್ದಿರಲಿಲ್ಲ. ಆ ರಿಪೋರ್ಟಿಗೆ ಸಹಿ ಹಾಕಿದವಳು ನಾನು, ಅದರ ಅರ್ಥ ನಂಗೊತ್ತು. ಅದನ್ನ ‘ಇಲ್ಲ’ ಅಂತ ಓದೋ ಹಾಗಿಲ್ಲ. ಹೊಸ ಅಳತೆಯ ಫಲಿತಾಂಶ ಈ ತಿಂಗಳ ಕೊನೆಗೆ ಬರುತ್ತೆ. ಅಲ್ಲೀವರೆಗೆ ಇಂಜೆಕ್ಷನ್ ಬೇಡ.”

ಹಿರಿಯರು ಬ್ರೇಕ್ ಸಾರ್ ಕಡೆ ನೋಡಿದರು. ಸಾರ್ ಕಣ್ಣಡಕಕ್ಕೆ ಕೈ ಹಾಕಿದರು. ಬ್ರೇಕು ಬಿತ್ತು ಅಂದುಕೊಂಡೆ. ಆದರೆ ಅವರು ಅದನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, “ಅವರು ಹೇಳಿದ್ದು ಸರಿ. ಕಾಯೋಣ,” ಎಂದರು.

ಮನೆಗೆ ಬಂದಾಗ ಅಮ್ಮ, “ಡಾಕ್ಟರು ಫೋನ್ ಮಾಡಿದ್ರು. ಹಿರಿಯರ ಹತ್ರ ಜಗಳ ಆಡಿದ್ಯಂತೆ?” ಎಂದಳು.

ಜಗಳವೇನಿಲ್ಲ. ವಿಷಯ ಹೇಳಿದೆ, ಅಷ್ಟೆ.

ಏಪ್ರಿಲ್ ೧೮

ಟ್ಯೂಬುಗಳು ಬರುತ್ತಿವೆ. ಕಫದಲ್ಲಿ ಕ್ಷಯ ಖಚಿತವಾದವರದು, ಸೋಂಕೇ ತಗಲಿರಲಾರದವರದು; ಎರಡೂ ಗುಂಪಿನಲ್ಲಿ ಸ್ಟೀರಾಯ್ಡಿನವರೂ ಮಕ್ಕಳೂ ಇದ್ದಾರೆ. ಎಲ್ಲಕ್ಕೂ ಬರೀ ಸಂಕೇತ. ಯಾರದು ಯಾವುದು ಎಂದು ಗೊತ್ತಿರುವುದು ಬ್ರೇಕ್ ಸಾರ್‌ಗೆ ಮಾತ್ರ.

ಗುನುಗುವಿನ ಗಂಟಲು ಸರಿಹೋಗಿದೆ.

ಏಪ್ರಿಲ್ ೩೦

ಬೆಳಿಗ್ಗೆ ಸಾರ್ ಕೋಣೆಯಲ್ಲಿ ಸೇರಿದೆವು. ನಾವು ಒಂದೊಂದಾಗಿ ನಮ್ಮ ಉತ್ತರ ಹೇಳುವುದು, ಅವರು ತಮ್ಮಲ್ಲಿರುವುದರ ಜೊತೆ ತಾಳೆ ನೋಡುವುದು. ಮೊದಲನೆಯದು ಸರಿ. ಎರಡನೆಯದು ಸರಿ. ಸಾರ್ ಪೆನ್ನಿನಿಂದ ಗುರುತು ಹಾಕುತ್ತ ಹೋದರು. ಅವರ ಮುಖದಲ್ಲಿ ಏನೂ ಕಾಣದು. ಹತ್ತನೆಯದೋ ಹನ್ನೊಂದನೆಯದೋ ತಪ್ಪಾಯಿತು. ಕ್ಷಯ ಖಚಿತವಾಗಿದ್ದ ಮುದುಕರೊಬ್ಬರನ್ನು ನಮ್ಮ ಹೊಸ ಅಳತೆಯೂ ಹಿಡಿದಿರಲಿಲ್ಲ.

ಆಮೇಲೆ ಮತ್ತೆ ಸರಿ, ಸರಿ, ಸರಿ. ಸಾರ್ ಓದುವುದನ್ನು ಬಿಟ್ಟು ತಲೆ ಎತ್ತಿದರು.

“ಇವರೆಲ್ಲ ಯಾರು ಗೊತ್ತಾ? ಹಳೇ ಪರೀಕ್ಷೆ ‘ಹೇಳಲಾಗದು’ ಅಂದಿತ್ತಲ್ಲ, ಅವರು.”

ಕೊನೆಗೆ ಲೆಕ್ಕ ಕೂಡಿಸಿದರೆ, ಹಳೆಯದು ಕೈಚೆಲ್ಲಿದ್ದ ಕಡೆ ಹೊಸದು ಹತ್ತರಲ್ಲಿ ಎಂಟು ಜನಕ್ಕೆ ಸ್ಪಷ್ಟ ಉತ್ತರ ಕೊಟ್ಟಿತ್ತು. ಎಲ್ಲ ಟ್ಯೂಬು ಸೇರಿ ತಪ್ಪಿದ್ದು ಮೂರೇ ಕಡೆ. ಆ ಮೂರನ್ನೂ ವರದಿಯಲ್ಲಿ ಮೊದಲ ಪುಟದಲ್ಲೇ ಹಾಕಬೇಕು ಅಂದೆ. ಸಾರ್ ಹೌದು ಎಂದರು.

“ಇನ್ನು ಗೇರು ಹಾಕಮ್ಮ,” ಎಂದರು ಆಮೇಲೆ. ನಾವಿಟ್ಟ ಹೆಸರು ಅವರಿಗೆ ಮೊದಲಿಂದಲೂ ಗೊತ್ತಿತ್ತೆಂದು ನನಗೂ ಗುನುಗುವಿಗೂ ಆಗಲೇ ತಿಳಿದದ್ದು. ಗುನುಗು ಮೇಜಿನ ಕೆಳಗೆ ಏನೋ ಹುಡುಕತೊಡಗಿದ.

ನಾನು ಕಾರಿಡಾರಿಗೆ ಬಂದು ಗೋಡೆಗೆ ಒರಗಿ ನಿಂತೆ. ನಗು ಬಂತು, ಅಳು ಬಂತು, ಯಾವುದನ್ನೂ ತಡೆಯಲಿಲ್ಲ. ಬಕೆಟ್ಟು ಹಿಡಿದು ಹೋಗುತ್ತಿದ್ದ ಹೆಂಗಸು ನಿಂತು, “ಏನಾಯ್ತವ್ವಾ?” ಎಂದು ಕೇಳಿದಳು.

“ಗೆದ್ವಿ!” ಅಂದೆ. ಅವಳಿಗೆ ಏನೆಂದು ಗೊತ್ತಿಲ್ಲ, ಆದರೂ ಕೈ ಕುಲುಕಿದಳು.

ಮೇ ೫

ತಂಗಿಯ ರಕ್ತ, ಮಾತ್ರೆಗೆ ಮುಂಚೆ ತೆಗೆದದ್ದು. ನೆಗಡಿಯಿಲ್ಲ, ಜ್ವರವಿಲ್ಲ. ಗುನುಗುವೇ ಅಳೆದ, ನಾನು ಕೋಣೆಯಿಂದ ಹೊರಗಿದ್ದೆ. ಹೊರಗೆ ಬಂದವನು ಗುನುಗುತ್ತಿರಲಿಲ್ಲ.

“ಮೇಡಂ, ಮೂರನೇ ಟ್ಯೂಬು ಚೆನ್ನಾಗಿ ಎದ್ದಿದೆ. ಖಾಲಿ ಟ್ಯೂಬು ಶಾಂತ. ಎರಡನೇದು…” ಎಂದು ನಿಲ್ಲಿಸಿದ. “ಇದೆ ಮೇಡಂ.”

ಇದೆ. ಅಪ್ಪನ ಎದೆಯ ಮೇಲೆ ಮಲಗುತ್ತಿದ್ದ ಕಾಲದಿಂದ ಅವಳೊಳಗೆ ನಿದ್ದೆ ಮಾಡುತ್ತಿದೆ. ಏಪ್ರಿಲ್‌ನಲ್ಲಿ ಆ ಇಂಜೆಕ್ಷನ್ ಕೊಟ್ಟಿದ್ದರೆ ಇಷ್ಟು ಹೊತ್ತಿಗೆ ಅದು ಎದ್ದಿರುತ್ತಿತ್ತೋ ಏನೋ.

ಮನೆಯಲ್ಲಿ ನೇರವಾಗಿ ಹೇಳಿದೆ. “ಇದೆ. ಮಲಗಿದೆ. ಕ್ಷಯದ ಮಾತ್ರೆ ಕೊಟ್ಟರೆ ಏಳೋದಿಲ್ಲ. ಒಂದು ತಿಂಗಳು ಮಾತ್ರೆ ತಗೊಂಡ ಮೇಲೆ ಇಂಜೆಕ್ಷನ್.”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಾನವತ್ತು ಅವಳನ್ನ ಬೇರೆ ಮಲಗಿಸಬೇಕಿತ್ತು.”

“ಒಂದೇ ಕೋಣೆ ಇತ್ತಲ್ಲಮ್ಮ, ಎಲ್ಲಿ ಮಲಗಿಸ್ತಿದ್ದೆ? ಛಾವಣಿ ಮೇಲಾ?” ಎಂದಳು ತಂಗಿ. ಆಮೇಲೆ ನನ್ನ ಕಡೆ ತಿರುಗಿದಳು. ಕೆಟ್ಟ ಸುದ್ದಿ ಕೇಳಿದವಳ ಮುಖವಲ್ಲ ಅದು. “ಅಂತೂ ಉತ್ತರ ಬಂತು! ಇಷ್ಟು ದಿನ ಯಾರ ಜೊತೆ ಗುದ್ದಾಡ್ತಿದ್ದೀನಿ ಅಂತಾನೇ ಗೊತ್ತಿರಲಿಲ್ಲ. ಈಗ ಎದುರಾಳಿ ಕಾಣ್ತಿದ್ದಾನೆ.”

ಅವಳು ಬಾಗದ ಬೆರಳುಗಳಿಂದಲೇ ನನಗೆ ಒಂದು ಸನ್ನೆ ಮಾಡಿದಳು. ಅರ್ಥ ಕೇಳಿದೆ. “ನೀನೇ ಕಲಿ,” ಎಂದು ನಕ್ಕಳು.

ಜೂನ್ ೧೦

ಕ್ಷಯದ ಮಾತ್ರೆಯನ್ನು ಲಿವರ್ ತಡೆದುಕೊಂಡಿದೆ. ಇವತ್ತು ಮೊದಲ ಇಂಜೆಕ್ಷನ್. ಕೀಲಿನ ಡಾಕ್ಟರು ಸೂಜಿ ಹೊರತೆಗೆದು, “ಇನ್ನು ಆಟ ನಮ್ಮದು,” ಎಂದರು.

ಜುಲೈ ೮

ತಂಗಿ ತಾನೇ ಬಟನ್ ಹಾಕಿಕೊಂಡಳು. ಒಂದನ್ನು ತಪ್ಪು ತೂತಿಗೆ ಹಾಕಿದ್ದಳು. ಅದನ್ನು ಬಿಚ್ಚಿ ಸರಿಮಾಡಲು ಅಮ್ಮನನ್ನು ಬಿಡಲಿಲ್ಲ. ಇಡೀ ದಿನ ಹಾಗೇ ಓಡಾಡಿದಳು.

ಆಗಸ್ಟ್ ೧೯

ಹೊಸ ಅಳತೆ ಇಂದಿನಿಂದ ನಮ್ಮ ಲ್ಯಾಬಿನ ಖಾಯಂ ಕೆಲಸ. ಅಕ್ಕಪಕ್ಕದ ಆಸ್ಪತ್ರೆಗಳೂ ಕಲಿಯಲು ಜನರನ್ನು ಕಳಿಸುತ್ತಿವೆ. ಐಸಿನ ಊರಿನ ಸಿಸ್ಟರೂ ಬಂದಿದ್ದರು. ಮಧ್ಯಾಹ್ನದವರೆಗೆ ನಾನೇ ವಿವರಿಸಿದೆ. ಗಂಟಲು ಒಣಗಿತ್ತು.

ಮೊನ್ನೆ ಮಕ್ಕಳ ವಾರ್ಡಿನಿಂದ ಒಂದು ಪುಟ್ಟ ಟ್ಯೂಬು ಬಂದಿತ್ತು. ತಾಯಿಗೆ ಕ್ಷಯ, ಮಗುವಿಗೆ ಎರಡು ವರ್ಷ. ಹಳೆಯ ಅಳತೆ ಕೈಚೆಲ್ಲಿತು, ಹೊಸದು ‘ಇದೆ’ ಎಂದಿತು. ವಾರ್ಡಿನ ಡಾಕ್ಟರು ಇವತ್ತೇ ಮಗುವಿಗೆ ಔಷಧ ಶುರುಮಾಡಿದರು. ನಾನು ಆ ಮಗುವನ್ನು ನೋಡಿರಲಿಲ್ಲ. ಸಂಜೆ ನೋಡಿ ಬರಬೇಕೆನಿಸಿತು, ಹೋದೆ. ಮಗು ನನ್ನ ಪೆನ್ನು ಕಿತ್ತುಕೊಂಡು ವಾಪಸು ಕೊಡಲೇ ಇಲ್ಲ.

ಸೆಪ್ಟೆಂಬರ್ ೧೫

ತಂಗಿಯ ಶಾಲೆಯಲ್ಲಿ ಮಕ್ಕಳಿಗೆ ನನ್ನ ಕೆಲಸದ ಬಗ್ಗೆ ಹೇಳಬೇಕಿತ್ತು. ಶಾಲೆಯವರು ಕೇಳಿದಾಗ ಯೋಚಿಸದೆ ಒಪ್ಪಿಕೊಂಡಿದ್ದೆ. ನಾನು ಮಾತಾಡುವುದು, ತಂಗಿ ಸನ್ನೆಯಲ್ಲಿ ಹೇಳುವುದು.

ಮೂರು ಖಾಲಿ ಟ್ಯೂಬು ತೆಗೆದುಕೊಂಡು ಹೋಗಿದ್ದೆ. ರಕ್ತ, ಕಾವಲು ಕಣ, ಕಳ್ಳನ ಗುರುತು, ಅಂಗಳದ ಬೊಬ್ಬೆ, ಎಲ್ಲ ಹೇಳಿದೆ. ಮಕ್ಕಳ ಕಣ್ಣು ತಂಗಿಯ ಕೈಮೇಲೆ. ನಡುವೆ ಆ ಎರಡು ಜಡೆಯ ಹುಡುಗಿ ಎದ್ದು ಏನೋ ಕೇಳಿದಳು. ತಂಗಿ ನನಗೆ ಹೇಳಿದಳು, “ಆ ಕಣಗಳಿಗೆ ಕಿವಿ ಇದ್ಯಾ ಅಂತ ಕೇಳ್ತಿದ್ದಾಳೆ.”

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಲ್ಲ.

“ಇಲ್ಲ,” ಅಂದೆ. “ಒಂದಕ್ಕೂ ಕಿವಿ ಇಲ್ಲ. ಅವು ಆಕಾರದಿಂದ ಗುರುತು ಹಿಡೀತವೆ. ಒಂದು ಕಣ ತನ್ನ ಮೈಮೇಲೆ ಒಂದು ಆಕಾರ ಎತ್ತಿ ಹಿಡಿಯುತ್ತೆ, ಇನ್ನೊಂದು ಅದನ್ನ ಮುಟ್ಟಿ ಅರ್ಥ ಮಾಡ್ಕೊಳ್ಳುತ್ತೆ. ನೀವು ಕೈಯ ಆಕಾರದಿಂದ ಮಾತು ತಿಳಿಯೋ ಹಾಗೆ. ನಿಮ್ಮ ಮೈಯೊಳಗೆ ಇಡೀ ದಿನ ನಡೆಯೋದು ಸನ್ನೆ ಭಾಷೆನೇ.”

ತಂಗಿ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ತರಗತಿಯಲ್ಲಿ ಕೋಲಾಹಲ. ಎಲ್ಲರೂ ಒಟ್ಟಿಗೆ ಕೈ ಆಡಿಸತೊಡಗಿದರು. ಒಬ್ಬ ತನ್ನ ತೋಳನ್ನೇ ನೋಡಿಕೊಂಡು ಅದಕ್ಕೆ ಏನೋ ಸನ್ನೆ ಮಾಡಿದ. ಎರಡು ಜಡೆಯವಳು ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ನನಗೂ ಹುರುಪು ಬಂತು. ಸುಸ್ತಾದ ಕಣ, ಮಲಗಿದ ಕಣ, ಮಾತ್ರೆ, ನೆಗಡಿ ಅಂತ ಒಂದಕ್ಕೊಂದು ಸೇರಿಸಿ ಹೇಳುತ್ತಲೇ ಹೋದೆ.

ತಂಗಿ ಕೈ ನಿಲ್ಲಿಸದೆ, ಮುಖ ನನ್ನ ಕಡೆ ತಿರುಗಿಸದೆ, ನನಗಷ್ಟೇ ಕೇಳುವ ಹಾಗೆ ಅಂದಳು, “ಅಕ್ಕಾ, ನಡುವೆ ಒಂದು ಉಸಿರಾದ್ರೂ ಬಿಡೇ!”

“ಕೈ ನೋಯ್ತಿದ್ಯಾ?”

“ಇಲ್ಲ,” ಎಂದಳು.

ನಾನು ಮುಂದುವರಿಸಿದೆ. ಅವಳ ಬೆರಳುಗಳು ನನ್ನ ಮಾತಿಗಿಂತ ಮುಂದೆ ಓಡುತ್ತಿದ್ದವು.